ಗೂಬೆ ಮೇಜಿನ ಅಂಟಕ್ಕ

ಕೆಲಸಕ್ಕೆ ಸೇರಿದ ಎರಡನೆಯ ವಾರ ನಾನು ಬರೆದ ಅರ್ಧ ಪುಟದ ವರದಿಯಿಂದ ಒಬ್ಬ ಹೆಂಗಸಿನ ಇಪ್ಪತ್ತಾರು ವರ್ಷದ ಕೆಲಸಕ್ಕೆ ಕುತ್ತು ಬಂತು. ವರದಿಯಲ್ಲಿ ಅಕ್ಷರ ದುಂಡಗಿತ್ತು, ಅಂಚು ನೇರವಾಗಿತ್ತು. ಸರಿಯಾಗಿದ್ದದ್ದು ಅವೆರಡೇ.

ರಟ್ಟಿನ ಪೆಟ್ಟಿಗೆ, ಫೈಲು, ಶಾಲೆಯ ಅಟ್ಲಾಸಿನ ಹೊದಿಕೆ, ಇಂಥವನ್ನು ಮಾಡುವ ಚಿಕ್ಕ ಕಾರ್ಖಾನೆ ನಮ್ಮದು. ನಮ್ಮದು ಎಂದರೆ ಯಜಮಾನರದು. ಸಂಬಳದವರಿಗೆ ಹೀಗೆ ಹೇಳಿಕೊಳ್ಳುವ ಚಾಳಿ. ಕೆಳಗಡೆ ಮುದ್ರಣ. ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಅಂಟಿಸುವ ಕೋಣೆ. ನನ್ನದು ಸೂಪರ್‌ವೈಸರ್ ಹುದ್ದೆ. ಆ ಹೆಸರು ಕೇಳಿ ನಮ್ಮಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಹೇಳಿಕೊಂಡು ಬಂದಿದ್ದಳು. ಯಾರು ಏನು ಮಾಡುತ್ತಿದ್ದಾರೆಂದು ನೋಡಿ ಬರೆಯುವುದು ನನ್ನ ಕೆಲಸ. ನೋಡಿದ್ದು ಅರ್ಥವೂ ಆಗಬೇಕೆಂದು ಯಾರೂ ಹೇಳಿರಲಿಲ್ಲ.

ಯಜಮಾನರಿಗೆ ಸ್ಟೀಲ್ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುವ ಅಭ್ಯಾಸ. ಒಂದು ಬೆಳಿಗ್ಗೆ ಹಾಗೆ ಕೆರೆದುಕೊಳ್ಳುತ್ತಲೇ ಅಂದರು: "ಮೇಲೆ ಅಂಟಿಸೋ ಮೇಜಲ್ಲಿ ಇಬ್ಬರಿದ್ದಾರಲ್ಲ, ಯಾರು ಎಷ್ಟು ಮಾಡ್ತಾರೆ ಅಂತ ನೋಡ್ಕೊಂಡು ಬರ್ಕೊಡು. ಅಂಟಿಸೋ ಮಷೀನು ಬರ್ತಿದೆ. ಅದಕ್ಕೆ ಕಾಗದ ಕೊಡೋಕೆ ಒಬ್ಬರು ಸಾಕು."

ಮೇಲೆ ಹೋಗಿ ನಿಂತೆ. ತಗಡು ಹೊದಿಸಿದ ಉದ್ದನೆಯ ಮೇಜು. ಈಚೆ ಒಬ್ಬಳು ಹಿರಿಯಳು, ಆಚೆ ಒಬ್ಬಳು ಕಿರಿಯಳು. ಬ್ರಷ್ಷು ಗೋಂದಿನಲ್ಲಿ ಮುಳುಗುತ್ತದೆ, ಕಾಗದದ ಮೇಲೆ ಹರಿಯುತ್ತದೆ, ಕಾಗದ ರಟ್ಟಿನ ಮೇಲೆ ಬೀಳುತ್ತದೆ, ಅಂಗೈ ಉಜ್ಜುತ್ತದೆ, ರಟ್ಟು ಹೋಗಿ ಮಧ್ಯದ ರಾಶಿಗೆ ಸೇರುತ್ತದೆ. ಇಬ್ಬರದ್ದೂ ಒಂದೇ ರಾಶಿ. ನಾಲ್ಕು ಕೈ ಓಡಾಡುವಾಗ ಯಾವುದು ಯಾರದೆಂದು ತಿಳಿಯದೆ ಮಧ್ಯಾಹ್ನದೊಳಗೆ ನನ್ನ ಕಣ್ಣು ಮಂಜಾಯಿತು. ಆಗ ಕಂಬಕ್ಕೆ ನೇತುಹಾಕಿದ ಸ್ಲೇಟು ಕಂಡಿತು. ಎಡಗಡೆ ಸೀಮೆಸುಣ್ಣದಲ್ಲಿ ಒಂದು ಗೂಬೆಯ ಚಿತ್ರ, ಬಲಗಡೆ ಒಂದು ಗುಂಡನೆಯ ಗುರಾಣಿ. ಎರಡರ ಕೆಳಗೂ ಐದೈದರ ಕಟ್ಟಾಗಿ ಗೀಟು. ಗೂಬೆಗೆ ಮೂವತ್ತೊಂದು, ಗುರಾಣಿಗೆ ನಲವತ್ತನಾಲ್ಕು.

ನನ್ನ ಜಾಣತನ ನೋಡಿ. ಇವರಿಗೆ ಓದುಬರಹ ಬಾರದು, ಅದಕ್ಕೇ ಹೆಸರಿನ ಬದಲು ಚಿತ್ರ ಬರೆದುಕೊಂಡಿದ್ದಾರೆ, ಒಂದೊಂದು ಗೀಟೂ ಒಂದೊಂದು ಕಟ್ಟು ರಟ್ಟು ಅಂದುಕೊಂಡೆ. ಹಿರಿಯಳು ಕೂರುವುದು ಎಡಗಡೆ, ಆದ್ದರಿಂದ ಗೂಬೆ ಅವಳದು. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಸೂಪರ್‌ವೈಸರನ ಗತ್ತು ಕಡಿಮೆಯಾದೀತೆಂದು ಕೇಳಲಿಲ್ಲ. "ಗೂಬೆ ಮೇಜು: 31. ಗುರಾಣಿ ಮೇಜು: 44" ಎಂದು ಬರೆದು, ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆ ಎಳೆದೆ.

ಯಜಮಾನರು ಓದಿದರು. "ಗೂಬೆ ಯಾರು, ನೀನಾ?"

"ಅಲ್ಲ ಸಾರ್, ಹಿರಿಯವರು."

"ಸರಿ ಬಿಡು. ಅವರಿಗೆ ಈ ತಿಂಗಳ ಕೊನೇಗೆ ಹೇಳಿದರಾಯ್ತು."

ಆ ಹಿರಿಯಳೇ ಅಂಟಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಈ ಕೋಣೆಗೆ ಬಂದವಳು. ಅಂಟಿಸುವ ಅಕ್ಕ ಎಂದು ಯಾರೋ ಕರೆದದ್ದು ಸವೆದು ಅಂಟಕ್ಕ ಆಗಿದೆ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ಓದುಬರಹ ಬರುತ್ತದೆ, ನನಗಿಂತ ಚೆನ್ನಾಗಿಯೇ. ಪ್ರಪಂಚವನ್ನೆಲ್ಲ ಅಂಟಿಸಿಯೇ ತಿಳಿದುಕೊಂಡಿದ್ದಾಳೆ. ಅಟ್ಲಾಸಿನ ಕೆಲಸ ಬಂದಾಗ ದೇಶಗಳನ್ನು, ಔಷಧಿ ಪೆಟ್ಟಿಗೆ ಬಂದಾಗ ಕಾಯಿಲೆಗಳನ್ನು. ಕೈಗೆ ಬಿಡುವಿಲ್ಲ. ಕೆಲಸವಿಲ್ಲದಿದ್ದರೆ ಬೆರಳಿಗೆ ಒಣಗಿ ಹಿಡಿದ ಗೋಂದನ್ನು ಸಿಪ್ಪೆ ಸಿಪ್ಪೆಯಾಗಿ ಕೀಳುತ್ತಾ ಕೂರುತ್ತಾಳೆ. ಅದೂ ಮುಗಿದರೆ ಪಕ್ಕದವರ ಬೆರಳು ನೋಡುತ್ತಾಳೆ. ಮಾತೂ ಹಾಗೆಯೇ, ಬಾಯಿಗೆ ಬಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲ ದಿನವೇ ನನಗೆ ಹೇಳಿದ್ದಳು: "ಸಾಹೇಬ್ರೇ, ಪ್ಯಾಂಟು ಇಸ್ತ್ರಿ ಮಾಡಿದೀರ, ಸರಿ. ಹಿಂದೆ ಒಂದು ಸಲ ನೋಡ್ಕೊಂಡ್ರಾ? ಗೋಂದಿನ ಡಬ್ಬಿ ಮೇಲೆ ಕೂತಿದ್ರಿ."

ಎದುರಿಗೆ ಕೂರುವ ಕಿರಿಯಳು ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಇವಳನ್ನು ಕೆಲಸಕ್ಕೆ ಸೇರಿಸಿದವಳೂ ಅಂಟಕ್ಕನೇ. ಒಂದೇ ಮನೆ, ಕೆಳಗೆ ಅಂಟಕ್ಕ, ಮೇಲೆ ಓರಗಿತ್ತಿ, ಇಬ್ಬರಿಗೂ ಸೇರಿ ಒಂದು ನಲ್ಲಿ. ಆರು ವರ್ಷದ ಹಿಂದೆ ಮಹಡಿಯ ಹಗ್ಗದ ಮೇಲೆ ಒಬ್ಬಳ ಒದ್ದೆ ಹೊದಿಕೆ ಇನ್ನೊಬ್ಬಳ ಒಣಗಿದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಒಬ್ಬಳು ಮುಂದಿನ ಬಾಗಿಲಿಂದ, ಒಬ್ಬಳು ಹಿಂದಿನ ಬಾಗಿಲಿಂದ ಹತ್ತಿ, ಒಂದೇ ಮೇಜಿನ ಎರಡು ಕಡೆ ಬಂದು ಕೂರುತ್ತಾರೆ.

ವರದಿ ಕೊಟ್ಟ ಮೂರನೇ ದಿನ, ಊಟದ ಹೊತ್ತಿನಲ್ಲಿ ಸ್ಟೇಪ್ಲರ್ ಹುಡುಕಿಕೊಂಡು ಮೇಲೆ ಹೋದೆ. ಇಬ್ಬರೂ ಡಬ್ಬಿ ಪಕ್ಕಕ್ಕೆ ಸರಿಸಿ, ಮಧ್ಯೆ ಒಂದು ಬಣ್ಣದ ರಟ್ಟು ಹರಡಿಕೊಂಡು ತಲೆ ತಗ್ಗಿಸಿ ಕೂತಿದ್ದರು. ನೀಲಿ ಸಮುದ್ರ, ಹರಿದ ಹಾಳೆಯ ಚೂರಿನಂಥ ದ್ವೀಪಗಳು, ಮರದ ಪುಟ್ಟ ಹಡಗುಗಳು.

"ತಗೋ, ನಿನ್ನ ಬಂದರು ಹೋಯ್ತು," ಅಂದಳು ಓರಗಿತ್ತಿ.

"ಹೋಗ್ಲಿ. ಉಪ್ಪು ಹಾಕ್ಕೊಂಡು ನೆಕ್ಕು," ಅಂದಳು ಅಂಟಕ್ಕ.

ಓರಗಿತ್ತಿ ಎದ್ದು ಹೋಗಿ ಸ್ಲೇಟಿನ ಮೇಲೆ, ಗುರಾಣಿಯ ಕೆಳಗೆ ಒಂದು ಗೀಟು ಎಳೆದಳು. ನಾನು ಸ್ಟೇಪ್ಲರ್ ಮರೆತು ಸ್ಲೇಟಿನ ಹತ್ತಿರ ಹೋದೆ.

"ಅಕ್ಕಾ, ಆ ಗೀಟು... ಅದು ರಟ್ಟಿನ ಕಟ್ಟಲ್ವಾ?"

"ಯಾವ ಕಟ್ಟು? ಆಟದ್ದು ಕಣೋ ಮರಿ. ಗೂಬೆ ಅಂದ್ರೆ ಅಥೆನ್ಸು, ನಾನು. ಗುರಾಣಿ ಸ್ಪಾರ್ಟಾ, ಅವಳು. ನಾಲ್ಕು ತಿಂಗಳಿಂದ ಸೋಲ್ತಾ ಇದೀನಿ, ಊರಿಗೆಲ್ಲ ಗೊತ್ತು. ನೀನು ಯಾವ ಸೀಮೆ ಸೂಪರ್‌ವೈಸರು?"

ಆ ಆಟ ನಮ್ಮ ಗಿರಾಕಿಯೊಬ್ಬರದು. ಚರಿತ್ರೆ ಪಾಠ ಮಾಡುವ ಶಾಲೆಯ ಮೇಷ್ಟ್ರು, ಹನ್ನೊಂದು ವರ್ಷ ಕೂತು ತಾವೇ ಕಟ್ಟಿದ ಆಟ. ಹಳೇ ಗ್ರೀಸಿನ ಎರಡು ಪಟ್ಟಣ, ಇಬ್ಬರು ಆಟಗಾರರು. ಅಥೆನ್ಸಿಗೆ ಹಡಗು ಹೆಚ್ಚು, ಸ್ಪಾರ್ಟಾಕ್ಕೆ ಕಾಲಾಳು ಹೆಚ್ಚು. ನಡುವೆ ಹನ್ನೆರಡು ಸಣ್ಣ ಊರು. ಏಳನ್ನು ಯಾರು ಒಲಿಸಿಕೊಳ್ಳುತ್ತಾರೋ ಅವರು ಗೆದ್ದಂತೆ. ಮೊದಲು ಇನ್ನೂರು ಪೆಟ್ಟಿಗೆ ಮಾಡಿಸುವುದೆಂದು ನಮ್ಮಲ್ಲಿಗೆ ಬಂದಿದ್ದರು. ಮಾದರಿ ರಟ್ಟು ಅಂಟಿಸಿದ ಅಂಟಕ್ಕ, "ಇದೇನು ಮೇಷ್ಟ್ರೇ, ಇಷ್ಟೊಂದು ದ್ವೀಪ? ಒಂದೊಂದೂ ಗಾಳಿ ಗುಳ್ಳೆ ಎದ್ದ ಹಾಗೆ ಕಾಣುತ್ತೆ" ಅಂದಿದ್ದಳು. ಏನೂ ತಿಳಿಯದವರು ಆಡಿದರೇ ನಿಯಮದ ತೂತು ಕಾಣುವುದೆಂದು ಮೇಷ್ಟ್ರು ಇಬ್ಬರಿಗೂ ಆಟ ಕಲಿಸಿ, ಸ್ಲೇಟಿನ ಮೇಲೆ ಆ ಪಟ್ಟಣಗಳ ಗುರುತಾದ ಗೂಬೆ, ಗುರಾಣಿ ಬರೆದು ಹೋದರು. ಆರು ವರ್ಷ ಮಾತು ಬಿಟ್ಟಿದ್ದವರು ಆಟದ ನೆಪದಲ್ಲಿ ಬೈದಾಡಲು ಶುರುಮಾಡಿದರು.

ಆ ಆಟದಲ್ಲಿ ಒಂದು ವಿಚಿತ್ರ ನಿಯಮ. ಸರದಿ ಬಂದಾಗ ಏನನ್ನಾದರೂ ನಡೆಸಲೇಬೇಕು, ನಡೆಸಿದರೆ ಕೆಡುತ್ತದೆಂದು ಗೊತ್ತಿದ್ದರೂ. ನಡೆಸದೆ ಕೂರಬೇಕೆಂದರೆ ಒಂದು ಬಿಳಿ ಬಿಲ್ಲೆ ಕೊಡಬೇಕು. ಸುಮ್ಮನಿರುವ ಬಿಲ್ಲೆ ಅಂತಲೇ ಅದಕ್ಕೆ ಹೆಸರು, ಒಬ್ಬೊಬ್ಬರಿಗೆ ನಾಲ್ಕು. ಓರಗಿತ್ತಿ ಅವನ್ನು ಅಳೆದು ತೂಗಿ ಬಳಸಿ ಗೆಲ್ಲುತ್ತಿದ್ದಳು. ಅಂಟಕ್ಕನಿಗೆ ಕೈ ಕಟ್ಟಿ ಕೂರಲು ಬಾರದು. ಎದುರಾಳಿ ಬಿಲ್ಲೆ ಇಡುವ ಮುಂಚೆಯೇ ಇವಳ ಹಡಗು ಹೊರಟಿರುತ್ತಿತ್ತು. ಸೋತು ಎದ್ದಾಗ ನಾಲ್ಕೂ ಬಿಲ್ಲೆ ಅವಳ ಮುಷ್ಟಿಯಲ್ಲೇ ಬೆಚ್ಚಗಿರುತ್ತಿದ್ದವು.

ಆ ಮಧ್ಯಾಹ್ನವೆಲ್ಲ ಮೆಟ್ಟಿಲು ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಕೆಳಗಿನ ಮುದ್ರಣದವರು, "ಏನಯ್ಯಾ, ಮೆಟ್ಟಿಲು ಎಷ್ಟಿದೆ ಅಂತ ವರದಿ ಬರೀಬೇಕಾ?" ಅಂದರು. ಕೊನೆಗೆ ಅಂಟಕ್ಕನನ್ನು ಕಿಟಕಿಯ ಹತ್ತಿರ ಕರೆದು ನಡೆದದ್ದನ್ನೆಲ್ಲ ಒದರಿದೆ. ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಗೂಬೆ ಮೇಜು ಅಂತ ಬರೆದ್ಯಾ? ಸಹೀನೂ ಹಾಕಿದ್ಯಾ?" ಅಂದು ಮತ್ತೆ ನಕ್ಕಳು. ಆಮೇಲೆ ನಗು ನಿಂತಿತು. ಬೆರಳಿನ ಗೋಂದು ಕೀಳತೊಡಗಿದಳು.

"ಕೆಲಸ ಬಿಡಿಸ್ತಾರಂತಾ?"

"ಈ ತಿಂಗಳ ಕೊನೇಗೆ ಅಂದ್ರು. ನಾನು ಈಗಲೇ ಹೋಗಿ ನಿಜ ಹೇಳ್ತೀನಿ ಅಕ್ಕ."

"ನಮ್ಮನೆಯವ್ರಿಗೆ ಕಣ್ಣು ಮಂಜಾಗಿ ಹೊಲಿಗೆ ಮಷೀನು ಮುಚ್ಚಿಟ್ಟು ವರ್ಷವಾಯ್ತು," ಅಂದಳು, ನನಗಲ್ಲ, ಕಿಟಕಿಗೆ. "ನಾನೂ ಮನೇಲಿ ಕೂತರೆ ಇಬ್ಬರೂ ಸೇರಿ ಗೋಡೆ ಕೆರೀಬೇಕು. ಹೋಗು, ಹೇಳು ಹೋಗು."

ಹೋದೆ. ಯಜಮಾನರು ಕೇಳಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದ ಅಂಗಡಿಯವರಿಗೆ ಫೋನ್ ಮಾಡಿ ಹೇಳಿ ಇನ್ನೊಂದು ಸಲ ನಕ್ಕರು. ಆಮೇಲೆ, "ಹಾಗಾದ್ರೆ ಸರಿಯಾದ ಲೆಕ್ಕ ಯಾವುದು?" ಅಂದರು.

"ಲೆಕ್ಕವೇ ಇಲ್ಲ ಸಾರ್. ಇಬ್ಬರೂ ಒಂದೇ ರಾಶಿಗೆ ಹಾಕ್ತಾರೆ."

"ಅಂದ್ಮೇಲೆ ಹಿರಿಯವರೇ ಹೋಗ್ಲಿ ಬಿಡು. ವಯಸ್ಸಾಯ್ತಲ್ಲ."

ಕಾರಣ ಬದಲಾಯಿತು, ತೀರ್ಮಾನ ಬದಲಾಗಲಿಲ್ಲ. ನನ್ನ ಪ್ರಾಮಾಣಿಕತೆಯಿಂದ ಆದ ಲಾಭ ಇಷ್ಟು: ಅಂಟಕ್ಕ ಮುಂಚೆ ಸೋಮಾರಿ ಎಂದು ಹೋಗುವವಳಿದ್ದಳು, ಈಗ ಮುದುಕಿ ಎಂದು ಹೋಗುವವಳಾದಳು. ಅದನ್ನು ಮೇಲೆ ಹೋಗಿ ಹೇಳುವ ಧೈರ್ಯವಾಗದೆ ಎರಡು ದಿನ ಗೋಡೆ ಸವರಿಕೊಂಡು ಓಡಾಡಿದೆ. ಅವಳಿಗೆ ಯಜಮಾನರೇ ಹೇಳಿದರು. ಆ ವಾರ ಮೂರು ಬ್ರಷ್ಷಿನ ಕೂದಲು ಕಿತ್ತು ಬಂದಿತ್ತು.

ಮಷೀನು ಬಂತು. ಮೂವರು ಸಾಲಾಗಿ ಮಲಗುವಷ್ಟು ಉದ್ದ, ಹಲ್ಲು ಕಡಿದಂಥ ಸದ್ದು. ಮೊದಲ ಕೆಲಸ ಮೇಷ್ಟ್ರ ಇನ್ನೂರು ರಟ್ಟು. ಪ್ರಾಯಶ್ಚಿತ್ತ ಅನ್ನಿ, ಯಜಮಾನರ ಕಣ್ಣಿಗೆ ಬೀಳುವ ಆಸೆ ಅನ್ನಿ, "ನಾನೇ ನಿಂತು ಮಾಡಿಸ್ತೀನಿ ಸಾರ್" ಎಂದುಬಿಟ್ಟೆ.

ಆಟದ ರಟ್ಟಿಗೆ ಮುಂಭಾಗದಲ್ಲಿ ಬಣ್ಣದ ಕಾಗದ, ಹಿಂಭಾಗದಲ್ಲಿ ಖಾಲಿ ಕಾಗದ ಅಂಟಿಸಬೇಕು. ಹಿಂದಿನ ಕಾಗದವನ್ನು ಅಂಟಕ್ಕ ಉದ್ದಕ್ಕೆ ಕತ್ತರಿಸುತ್ತಿದ್ದಳು. ಒಂದು ದೊಡ್ಡ ಹಾಳೆಗೆ ನಾಲ್ಕು ತುಂಡು ಬಂದು, ಪಕ್ಕದಲ್ಲಿ ಅಗಲವಾದ ಪಟ್ಟಿ ಉಳಿಯುತ್ತಿತ್ತು. ನಾನು ಪೆನ್ಸಿಲ್ ಹಿಡಿದು ನೋಡಿದೆ. ಅಡ್ಡಕ್ಕೆ ಕತ್ತರಿಸಿದರೆ ಐದು! ಇಪ್ಪತ್ತಾರು ವರ್ಷ ಯಾರಿಗೂ ಹೊಳೆಯದ್ದು ನನಗೆ ಒಂದೇ ತಿಂಗಳಲ್ಲಿ ಹೊಳೆಯಿತೆಂದು ಬೀಗಿದೆ. ಎಲ್ಲವನ್ನೂ ಅಡ್ಡಕ್ಕೆ ಕತ್ತರಿಸಿ ಮಷೀನಿನ ಬಾಯಿಗೆ ಇಟ್ಟೆ.

ಅಂಟಕ್ಕ ಪಕ್ಕದಲ್ಲೇ ನಿಂತಿದ್ದಳು. ನಾನು ಕತ್ತರಿಸಿದ ಒಂದು ತುಂಡನ್ನು ಎತ್ತಿಕೊಂಡು, ಮೂಲೆಯನ್ನು ನಾಲಿಗೆಗೆ ತಾಗಿಸಿ, ಕಾಗದ ಯಾವ ಕಡೆಗೆ ಸುರುಳಿಯಾಗುತ್ತದೆಂದು ನೋಡಿದಳು. ಬಾಯಿ ತೆರೆದಳು. ನಾನು ಅವಳ ಕಡೆ ತಿರುಗಿದೆ. ಬಾಯಿ ಮುಚ್ಚಿದಳು.

"ಏನಕ್ಕ?"

"ಏನಿಲ್ಲ. ಮಷೀನು ಚೆನ್ನಾಗಿದೆ."

ಅವಳಿಗೆ ಬೇಜಾರಾಗಿದೆ ಪಾಪ, ಅಂದುಕೊಂಡೆ. ಮಷೀನು ಒಂದೇ ಬೆಳಿಗ್ಗೆಯಲ್ಲಿ ಇನ್ನೂರನ್ನೂ ಉಗುಳಿತು. ಒಂದೊಂದೂ ಕನ್ನಡಿಯಂತೆ ಚಪ್ಪಟೆ. ಯಜಮಾನರು ನನ್ನ ಬೆನ್ನು ತಟ್ಟಿದರು, ಅದೇ ಸ್ಕೇಲಿನಿಂದ.

ನಾಲ್ಕನೆಯ ದಿನ ಮೇಷ್ಟ್ರು ಬಂದರು. ಹೊಸ ಶರ್ಟು ಹಾಕಿಕೊಂಡಿದ್ದರು. ರಾಶಿಯ ಮಧ್ಯದಿಂದ ಒಂದು ರಟ್ಟು ತೆಗೆದು ಯಜಮಾನರ ಮೇಜಿನ ಮೇಲೆ ಬಿಡಿಸಿ, ಹಡಗುಗಳನ್ನು ಜೋಡಿಸತೊಡಗಿದರು. ಎರಡು ಮೂಲೆ ಮೇಲಕ್ಕೆದ್ದಿದ್ದವು, ಎರಡು ಕೆಳಕ್ಕೆ ಇಳಿದಿದ್ದವು, ಕರಿದ ಹಪ್ಪಳದ ಹಾಗೆ. ಅಥೆನ್ಸಿನ ಹಡಗು ಬಂದರಿನಿಂದ ತಾನಾಗಿ ಹೊರಟು, ಸಮುದ್ರ ದಾಟಿ, ದಡ ಹತ್ತಿ, ಸ್ಪಾರ್ಟಾದ ನಡುಬೀದಿಯಲ್ಲಿ ಹೋಗಿ ನಿಂತಿತು. ಮೇಷ್ಟ್ರು ಅದನ್ನು ವಾಪಸು ಇಟ್ಟರು. ಮತ್ತೆ ಹೋಯಿತು. ಎರಡನೆಯ ರಟ್ಟು, ಹತ್ತನೆಯದು, ಐವತ್ತನೆಯದು, ಎಲ್ಲವೂ ಅದೇ ತಿರುಚು. ಮೇಷ್ಟ್ರು ಬೈಯಲಿಲ್ಲ. ಹಡಗನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸ ಯಜಮಾನರು ವಹಿಸಿಕೊಂಡರು. ಮಷೀನು ಮಾರಿದವರಿಗೆ ಬೈದರು, ಗೋಂದಿಗೆ ಬೈದರು, ನನಗೆ ಬೈದರು, ಆಮೇಲೆ "ಅಂಟಕ್ಕನ್ನ ಕರೀರಿ" ಅಂದರು.

ಅಂಟಕ್ಕ ಬಂದು ರಟ್ಟನ್ನು ತಿರುಗಿಸಿ ನೋಡಿದಳು. "ಕಾಗದಕ್ಕೂ ಎಳೆ ಇರುತ್ತೆ, ಬಟ್ಟೆಗೆ ಇರೋ ಹಾಗೆ. ಒದ್ದೆಯಾದಾಗ ಅಡ್ಡಕ್ಕೆ ಹಿಗ್ಗುತ್ತೆ, ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತೆ. ಮುಂದಿಂದು ಹಿಂದಿಂದು ಒಂದೇ ಕಡೆ ಎಳೆದ್ರೆ ರಟ್ಟು ನೆಟ್ಟಗಿರುತ್ತೆ. ಇಲ್ಲಿ ಇದು ಈ ಕಡೆ ಎಳೀತಿದೆ, ಅದು ಆ ಕಡೆ ಎಳೀತಿದೆ. ಮಧ್ಯೆ ರಟ್ಟು ಏನು ಮಾಡುತ್ತೆ? ನಮ್ಮನೆ ಗಂಡಸರ ಹಾಗೆ ತಿರುಚಿಕೊಳ್ಳುತ್ತೆ."

"ಸರಿ ಮಾಡೋಕಾಗುತ್ತಾ?"

"ಒದ್ದೆ ಬಟ್ಟೆ ಹಾಕಿ ಹಿಂದಿನ ಕಾಗದ ಸುಲೀಬೇಕು, ಸರಿಯಾದ ಎಳೆಗೆ ಹೊಸದು ಅಂಟಿಸ್ಬೇಕು, ಭಾರ ಹೇರಿ ಒಣಗಿಸ್ಬೇಕು. ಒಬ್ಬಳ ಕೈಲಾಗಲ್ಲ. ಇವಳೂ ಬೇಕು." ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಓರಗಿತ್ತಿಯ ಕಡೆ ಬೆರಳು ತೋರಿಸಿದಳು. "ಇವತ್ತಿಗೆ ಮಾತ್ರ ಅಲ್ಲ. ಮಷೀನು ಎಳೆ ನೋಡಲ್ಲ ಸಾಹೇಬ್ರೇ. ದಿನಾ ನೋಡೋಕೆ ಜನ ಬೇಕು. ಇಬ್ಬರು ಬೇಕು."

ಯಜಮಾನರು ಸ್ಕೇಲನ್ನು ಬೆನ್ನಿನೊಳಗೆ ಇಳಿಸಿದರು. ಬಹಳ ಹೊತ್ತು ಕೆರೆದುಕೊಂಡರು. ಮೇಷ್ಟ್ರು ಇನ್ನೂ ಹಡಗು ಹಿಡಿದುಕೊಂಡೇ ಇದ್ದರು. "ಇರಿ ಹಾಗಾದ್ರೆ," ಅಂದರು ಯಜಮಾನರು. "ಇಬ್ಬರೂ ಇರಿ. ಮೊದಲು ಇದನ್ನ ಸರಿ ಮಾಡಿ."

ಐದು ದಿನ ಹಿಡಿಯಿತು. ನನಗೆ ಕೊಟ್ಟ ಕೆಲಸ ಬಕೆಟ್ಟಿನ ನೀರು ಬದಲಾಯಿಸುವುದು. ಸುಲಿದ ಕಾಗದ ಕೋಣೆಯ ತುಂಬ ಒದ್ದೆಯಾಗಿ ಬಿದ್ದಿತ್ತು, ಕಾಲಿಟ್ಟಲ್ಲೆಲ್ಲ ಅಂಟಿಕೊಳ್ಳುತ್ತಿತ್ತು. ಮೂರನೆಯ ದಿನ ಓರಗಿತ್ತಿ ಒಂದು ರಟ್ಟಿನ ತುದಿ ಹಿಡಿದು, "ಅಕ್ಕಾ, ಆ ಕಡೆ ಬಿಡ್ಬೇಡ, ಹಿಡ್ಕೋ" ಅಂದಳು. ಆರು ವರ್ಷದ ಮೇಲೆ ಬಾಯಿಂದ ಬಂದ ಅಕ್ಕ ಅದು. ಅಂಟಕ್ಕ ತಲೆ ಎತ್ತಲಿಲ್ಲ, ಬಿಡಲೂ ಇಲ್ಲ. ಮನೆಯಲ್ಲಿ ಇವತ್ತಿಗೂ ಮಾತಿಲ್ಲವಂತೆ. ಮಹಡಿಯ ಹಗ್ಗ ಮಾತ್ರ ಎರಡಾಗಿದೆ.

ನೂರ ತೊಂಬತ್ತೊಂದು ರಟ್ಟು ನೆಟ್ಟಗಾದವು. ಒಂಬತ್ತು ಸುಲಿಯುವಾಗ ಹರಿದವು. ಮೇಷ್ಟ್ರು ಒಂದೊಂದರ ಮೇಲೂ ಒಂದು ಹಡಗು ಇಟ್ಟು, ಜಾರುತ್ತದೋ ಎಂದು ನೋಡಿ, ಪೆಟ್ಟಿಗೆಗೆ ತುಂಬಿಕೊಂಡು ಹೋದರು. ಹರಿದ ಒಂಬತ್ತನ್ನು ನೋಡಿ ಅಂಟಕ್ಕ ಆವತ್ತು ಊಟ ಮಾಡಲಿಲ್ಲ. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ರಾತ್ರಿ ಚಪ್ಪಲಿಯ ತಳದಿಂದ ಒಂದು ಕಾಗದದ ಚೂರು ಬಿಡಿಸುತ್ತಿದ್ದಾಗ ಹೊಳೆಯಿತು. ಒದ್ದೆ ತುದಿ ಸುರುಳಿ ಸುತ್ತಿಕೊಂಡಿತು. ನಾಲಿಗೆಗೆ ತಾಗಿಸಿದ ಮೂಲೆ, ತೆರೆದು ಮುಚ್ಚಿದ ಬಾಯಿ.

ಮರುದಿನ ಮಧ್ಯಾಹ್ನ ಮೇಲೆ ಹೋದೆ. ಆಟ ಆಗಷ್ಟೇ ಮುಗಿದಿತ್ತು. ಗೂಬೆ ಮೂವತ್ತೆರಡು, ಗುರಾಣಿ ಐವತ್ತು. ಓರಗಿತ್ತಿ ಡಬ್ಬಿ ತೊಳೆಯಲು ಕೆಳಗೆ ಹೋಗಿದ್ದಳು. ಅಂಟಕ್ಕ ಎಂದಿನಂತೆ ನಾಲ್ಕೂ ಬಿಳಿ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಕಲಕುತ್ತಾ ಕೂತಿದ್ದಳು. ಕೇಳಬಾರದೆಂದು ಮೆಟ್ಟಿಲಿನ ಉದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ತಪ್ಪು ಮಾಡಿದವನು ನಾನು, ಅವಳನ್ನು ಕೇಳಲು ನನಗೆ ಯಾವ ಮುಖ? ಆದರೂ ಬಾಯಿ ಕೇಳಿಬಿಟ್ಟಿತು.

"ಅಕ್ಕಾ, ನಾನು ಅಡ್ಡಕ್ಕೆ ಕತ್ತರಿಸಿದ್ದು ಅವತ್ತೇ ನಿಮಗೆ ಗೊತ್ತಾಗಿತ್ತಲ್ವಾ? ಮೇಷ್ಟ್ರ ಹನ್ನೊಂದು ವರ್ಷದ್ದು ಅದು. ಯಾಕೆ ಹೇಳ್ಲಿಲ್ಲ?"

ಬಿಲ್ಲೆಗಳ ಸದ್ದು ನಿಂತಿತು.

"ಹೇಳಿದ್ರೆ ರಟ್ಟು ಸರಿಹೋಗ್ತಿತ್ತು, ನಾನು ಮನೆಗೆ ಹೋಗ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."